ಆರನೆಯ ತೂತು

ನನ್ನ ವಿಸಿಟಿಂಗ್ ಕಾರ್ಡಿನ ಮೇಲೆ, ಹೆಸರಿನ ಕೆಳಗೆ, 'ಛಾವಣಿ ನೀರಿನ ತಜ್ಞ' ಎಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಅಚ್ಚಾಗಿದೆ. ಕನ್ನಡದಲ್ಲಿ ಹಾಕಿಸಲಿಲ್ಲ. ನಾಗಪುರದಲ್ಲಿ ಕನ್ನಡ ಓದುವವರು ಎಷ್ಟು ಮಂದಿ ಎಂಬುದು ಕೇಳಿದವರಿಗೆ ನಾನು ಹೇಳುವ ಕಾರಣ. ನಿಜವಾದ ಕಾರಣ ಬೇರೆ. ಕನ್ನಡ ಓದಬಲ್ಲವರೊಬ್ಬರು ಪಕ್ಕದ ಕಾಮಠಿಯಲ್ಲಿದ್ದರು, ಈ 'ತಜ್ಞ' ಎಂಬ ಶಬ್ದ ಅವರ ಕಣ್ಣಿಗೆ ಬೀಳಬಾರದು ಎಂಬ ಹೆದರಿಕೆ ನನಗಿತ್ತು. ಇಪ್ಪತ್ತು ವರ್ಷ ಫೌಜಿನಲ್ಲಿ ಕಳೆದವರಿಗೆ ಹಿಂದಿ ಓದಲು ಬರುತ್ತದೆ ಎಂಬುದು ಮಾತ್ರ ತಜ್ಞನ ತಲೆಗೆ ಹೊಳೆದಿರಲಿಲ್ಲ.

ಕಾರ್ಡು ಅವರ ಕೈಗೆ ಸಿಕ್ಕಿಯೇ ಸಿಕ್ಕಿತು. ಓದಿದರು. ನಗಲಿಲ್ಲ. ಬೆರಳಲ್ಲಿ ಹಿಡಿದು ಒಮ್ಮೆ ಬಗ್ಗಿಸಿ ನೋಡಿ, "ದಪ್ಪ ಬರೋಬರ್ ಐತಿ" ಎಂದು, ಎರಡು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಪೈಪಿಗೂ ಅದರ ಕ್ಲ್ಯಾಂಪಿಗೂ ನಡುವೆ ತುರುಕಿ ಸ್ಕ್ರೂ ಬಿಗಿದರು. ಪೈಪು ಅಲುಗಾಡುವುದು ನಿಂತಿತು. ನನ್ನ ತಜ್ಞತನ ಉಪಯೋಗಕ್ಕೆ ಬಿದ್ದದ್ದು ಅದೇ ಮೊದಲು.

ಅವರು ಈ ಮಾಘದಲ್ಲಿ ತೀರಿಕೊಂಡರು. ವಿಜಯಪುರದ ಕಡೆಯವರು. ಸೈನ್ಯದಲ್ಲಿ ಕೊಳಾಯಿ ಕೆಲಸ ಮಾಡಿ, ಕೊನೆಯ ಪೋಸ್ಟಿಂಗ್ ಕಾಮಠಿಗೆ ಬಂದಾಗ ಅಲ್ಲಿಯೇ ಎರಡು ಕೋಣೆಯ ಮನೆ ಕಟ್ಟಿಕೊಂಡು ಉಳಿದುಬಿಟ್ಟವರು. ನಿವೃತ್ತಿಯ ನಂತರ ಗೋದಾಮು, ಅಂಗಡಿ, ಕಾರ್ಖಾನೆಗಳ ಛಾವಣಿಯಿಂದ ಮಳೆನೀರು ಇಳಿಸುವ ಪೈಪುಗಳ ಕೆಲಸ ಮಾಡುತ್ತಿದ್ದರು. ನಾನು ಗದಗಿನಲ್ಲಿ ಡಿಪ್ಲೊಮಾ ಮುಗಿಸಿ, ಇಲ್ಲಿಯ ಗುತ್ತಿಗೆದಾರರೊಬ್ಬರ ಹತ್ತಿರ ಸೈಟ್ ಎಂಜಿನಿಯರ್ ಎಂದು ಸೇರಿದಾಗ ಪರಿಚಯವಾದರು. ಪರಊರಿನಲ್ಲಿ ನಮ್ಮ ಕಡೆಯ ಮಾತು ಕೇಳಿದ ಕೂಡಲೇ 'ಕಾಕಾ' ಎಂದೆ. ಅವರು ನನ್ನನ್ನು ಒಳ್ಳೆಯ ಮನಸ್ಸಿನಲ್ಲಿದ್ದಾಗ 'ತಮ್ಮಾ' ಎಂದೂ, ನಾನು ತಪ್ಪು ಮಾಡಿದಾಗ 'ಎಂಜಿನಿಯರ್ ಸಾಹೇಬ್ರ' ಎಂದೂ ಕರೆಯುತ್ತಿದ್ದರು. ತಮ್ಮಾ ಎಂದು ಕರೆಸಿಕೊಂಡದ್ದು ಕಡಿಮೆ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕೆಲಸ ಮುಗಿದ ಮೇಲೆ ಪೈಪಿನ ಮೇಲೆ ಬಣ್ಣದಲ್ಲಿ ತಮ್ಮ ಹೆಸರು, ಫೋನ್ ನಂಬರು ಬರೆದು ಹೋಗುವ ಪ್ಲಂಬರುಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಹೆಸರು ಬರಕೊಂಡವನ ಪೈಪ ಮೊದಲ ಸೋರತೈತಿ" ಎನ್ನುತ್ತಿದ್ದರು. ನನ್ನ ಹೆಸರು ಊರ ತುಂಬ ಪೈಪುಗಳ ಮೇಲಿದೆ.

ಯಾವ ಛಾವಣಿ ಹತ್ತುವ ಮೊದಲೂ ಅವರು ಏಣಿಯ ಬುಡದಲ್ಲಿ ಚಪ್ಪಲಿ ಬಿಡುತ್ತಿದ್ದರು. ಛಾವಣಿ ಅಂದರೆ ಮನೆಯ ತಲೆ, ತಲೆಯ ಮೇಲೆ ಚಪ್ಪಲಿ ಇಡುವುದುಂಟೇ ಎಂಬುದು ಅವರ ಲೆಕ್ಕ. ಅದು ಗೋದಾಮಿರಲಿ, ಸಾರ್ವಜನಿಕ ಪಾಯಖಾನೆಯಿರಲಿ, ಭೇದವಿರಲಿಲ್ಲ. ನಾಗಪುರದ ಮೇ ತಿಂಗಳಲ್ಲಿ ತಗಡಿನ ಮೇಲೆ ರೊಟ್ಟಿ ಬೇಯಿಸಬಹುದು, ಆದ್ದರಿಂದ ಬೆಳಗಿನ ಆರಕ್ಕೆ ಹತ್ತಿ ಎಂಟಕ್ಕೆ ಇಳಿದುಬಿಡುತ್ತಿದ್ದರು. ನನಗೆ ಬೆಳಿಗ್ಗೆ ಏಳುವ ಅಭ್ಯಾಸವಿರಲಿಲ್ಲ, ಆದರೆ ಅವರ ಭಕ್ತಿ ಮಾತ್ರ ಹಿಡಿಸಿತು. ಒಂದು ದಿನ ಹನ್ನೊಂದು ಗಂಟೆಗೆ ಬರಿಗಾಲಿನಲ್ಲಿ ತಗಡು ಹತ್ತಿದೆ. ಹತ್ತು ಹೆಜ್ಜೆಯ ಮೇಲೆ ನಾನು ಕುಣಿದ ಕುಣಿತವನ್ನು ಕೆಳಗಿದ್ದ ಹಮಾಲರು ಇನ್ನೂ ಮರೆತಿಲ್ಲ. ಇಳಿದು ಬಂದವನ ಅಂಗಾಲಿಗೆ ಅವರು ಬರ್ನಾಲ್ ಹಚ್ಚುತ್ತ, "ಭಕ್ತಿಗೂ ಟೈಮ್ ಇರತೈತಿ, ಎಂಜಿನಿಯರ್ ಸಾಹೇಬ್ರ" ಎಂದರು.

ಅವರ ಚೀಲದಲ್ಲಿ ಪಾನಾ, ಹ್ಯಾಕ್ಸಾ ಜೊತೆಗೆ ಒಂದು ಸ್ಟೀಲಿನ ಲೋಟ ಮತ್ತು ಒಂದು ಊದುಬತ್ತಿಯ ಪ್ಯಾಕೆಟ್ ಯಾವಾಗಲೂ ಇರುತ್ತಿದ್ದವು. ಮಳೆ ಸುರಿಯುವಾಗ ಲೋಟದ ಬಾಯಿಯನ್ನು ಪೈಪಿಗೆ ಒತ್ತಿ, ತಳಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಪೈಪಿನೊಳಗೆ ನೀರು ಎಷ್ಟು, ಗಾಳಿ ಎಷ್ಟು, ಯಾವ ತಿರುವಿನಲ್ಲಿ ಎರಡೂ ಜಗಳಾಡುತ್ತಿವೆ ಎಂದು ಹೇಳುತ್ತಿದ್ದರು. ಆಮೇಲೆ ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು. ಊದುಬತ್ತಿ ಇದ್ದದ್ದು ಪೈಪು ಎಲ್ಲಿಂದ ಗಾಳಿ ಎಳೆದುಕೊಳ್ಳುತ್ತಿದೆ ಎಂದು ಹುಡುಕಲು. ಜೋಡಣೆಯ ಹತ್ತಿರ ಹಿಡಿದರೆ, ಬಿರುಕಿದ್ದ ಕಡೆ ಹೊಗೆ ಒಳಗೆ ಬಾಗುತ್ತದೆ. ಮೊದಲ ಸಲ ನೋಡಿದಾಗ ನಾನು ಪೈಪಿಗೆ ಪೂಜೆ ನಡೆದಿದೆ ಎಂದುಕೊಂಡು ಕೈ ಮುಗಿದಿದ್ದೆ. ಅವರು ಬೈಯಲಿಲ್ಲ. "ಮುಗದದ್ದು ಚಲೋ ಆತು, ಈ ಜೋಡಣಿ ನೀ ಮಾಡಿಸಿದ್ದ" ಎಂದರು.

ಗಾಳಿಯ ಮೊದಲ ಪಾಠ ನನಗೆ ಸಿಕ್ಕಿದ್ದು ನಾಗಪುರದ ಹಳೆಯ ಪೇಟೆ ಇತವಾರಿಯಲ್ಲಿ, ಒಂದು ಹಳೆಯ ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ. ಮಳೆ ಬಂದರೆ ಅಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ಪೈಪಿನಲ್ಲಿ ಕಸವಿರಲಿಲ್ಲ. ನಾನೇ ಬಿದಿರು ಹಾಕಿ ತಿವಿಸಿದ್ದೆ, ತಂತಿ ಹಾಯಿಸಿದ್ದೆ, ಕೊನೆಗೆ ಇನ್ನೂ ದಪ್ಪ ಪೈಪು ಬೇಕು ಎಂದು ವರದಿಯನ್ನೂ ಬರೆದಿದ್ದೆ. ಅವರು ಬಂದು ನೋಡಿದರು. ಅಂಗಡಿಯ ಬೋರ್ಡನ್ನು ದಾಟಿಸಲು ಯಾರೋ ಪೈಪನ್ನು ನಡುವೆ ಒಂಟೆಯ ಡುಬ್ಬದ ಹಾಗೆ ಮೇಲಕ್ಕೆತ್ತಿ ಮತ್ತೆ ಇಳಿಸಿದ್ದರು. ಅದರ ಕೆಳತುದಿ ತುಂಬಿದ ಗಟಾರದೊಳಗೆ ಮುಳುಗಿತ್ತು. ಮೇಲೆ ನೀರು, ಕೆಳಗೆ ನೀರು, ನಡುವಿನ ಡುಬ್ಬದಲ್ಲಿ ಸಿಕ್ಕಿಬಿದ್ದ ಗಾಳಿ.

"ಎಣ್ಣಿ ಡಬ್ಬಿಗೆ ಎರಡು ತೂತು ಯಾಕ ಹೊಡಿತಾರ?" ಎಂದು ಕೇಳಿದರು.

"ಒಂದರಾಗ ಎಣ್ಣಿ ಬರಾಕ, ಒಂದರಾಗ ಗಾಳಿ ಆಡಾಕ" ಎಂದೆ.

"ಅಷ್ಟು ಗೊತ್ತಿದ್ದವಾ ನಾಕು ಹಾಳಿ ರಿಪೋರ್ಟ್ ಯಾಕ ಬರದಿ?"

ಡುಬ್ಬದ ನೆತ್ತಿಗೆ ಒಂದು ತೂತು ಕೊರೆದರು. ಹೆದರಿದ ಹಾವಿನ ಹಾಗೆ ಬುಸ್ ಎಂದು ಗಾಳಿ ಹೊರಗೆ ಬಂತು. ಅದರ ಹಿಂದೆಯೇ ನೀರು ಧಡಧಡ ಇಳಿಯತೊಡಗಿತು. ಅರ್ಧ ಗಂಟೆಯಲ್ಲಿ ಮಾಳಿಗೆಯ ನೀರೆಲ್ಲ ಖಾಲಿಯಾಯಿತು. ಆಮೇಲೆ ಆ ತೂತಿಗೆ ಒಂದು ಸಣ್ಣ ಪೈಪು ನಿಲ್ಲಿಸಿ, ಬಾಯಿಗೆ ಜಾಳಿಗೆ ಕಟ್ಟಿದರು.

ಆ ದಿನದಿಂದ ನನಗೆ ತೂತಿನ ಹುಚ್ಚು ಹತ್ತಿತು. ಎಲ್ಲಿ ಪೈಪು ಕಂಡರೂ ಗಾಳಿ ಸಿಕ್ಕಿಬಿದ್ದಿದೆ ಎನಿಸುತ್ತಿತ್ತು. ಮನೆಯಲ್ಲಿ ಹೆಂಡತಿಯ ಕುಕ್ಕರನ್ನೂ ಅನುಮಾನದಿಂದ ನೋಡಿದ್ದುಂಟು. ಗುತ್ತಿಗೆದಾರರ ಆಫೀಸಿನಲ್ಲಿ ಬಿಳಿ ಹಲಗೆಯ ಮೇಲೆ ಎಣ್ಣೆ ಡಬ್ಬಿಯ ಚಿತ್ರ ಬರೆದು ಉಳಿದ ಎಂಜಿನಿಯರುಗಳಿಗೆ ಭಾಷಣ ಕೊಟ್ಟೆ. ಅದನ್ನು ಕಲಿಸಿದವರು ಯಾರೆಂದು ಹೇಳುವುದಕ್ಕೆ ಅಂದು ಸಮಯ ಸಾಲಲಿಲ್ಲ.

ಮುಂದಿನ ವರ್ಷ ಕಳಮನಾದ ಮಾರುಕಟ್ಟೆಯ ಹತ್ತಿರ ಒಬ್ಬ ಮೆಣಸಿನಕಾಯಿ ವ್ಯಾಪಾರಿ ದೊಡ್ಡ ಗೋದಾಮು ಕಟ್ಟಿಸಿದರು. ಎಲ್ಲರೂ ಅವರನ್ನು ಸೇಠ್‌ಜಿ ಎನ್ನುತ್ತಿದ್ದರು. ತಗಡಿನ ಛಾವಣಿ, ಅಂಚಿನಲ್ಲಿ ನೀರು ಕೂಡಲು ಉದ್ದನೆಯ ದೋಣಿ, ದೋಣಿಯಿಂದ ನೀರು ಒಯ್ಯಲು ಛಾವಣಿಯ ಕೆಳಗೇ ಮಟ್ಟಸವಾಗಿ ತೂಗುಬಿಟ್ಟ ಪೈಪು. ನಕ್ಷೆ ಪುಣೆಯಿಂದ ಬಂದಿತ್ತು. ಜೊತೆಗೆ ದಪ್ಪನೆಯ ಒಂದು ಇಂಗ್ಲಿಷ್ ಪುಸ್ತಕವೂ ಇತ್ತು. ಅದನ್ನು ಕಾಕಾ ಯಾರಿಂದಲೋ ಹಿಂದಿಯಲ್ಲಿ ಓದಿಸಿಕೊಂಡು ಕೇಳಿದರು. ನಾನು ಅದರ ಮೇಲೆ ಊಟದ ಡಬ್ಬಿ ಇಡುತ್ತಿದ್ದೆ.

ಪೈಪು ಕೂರಿಸಿದ ಮೇಲೆ ಟ್ಯಾಂಕರಿನಿಂದ ದೋಣಿಗೆ ನೀರು ಬಿಟ್ಟು ನೋಡಿದೆವು. ಪೈಪು ಗುಳುಗುಳು ಎಂದಿತು, ನಡುಗಿತು. ನನ್ನ ಕಿವಿ ನೆಟ್ಟಗಾಯಿತು.

"ಗಾಳಿ ಐತ್ರಿ ಕಾಕಾ."

"ಇರಲಿ. ಟ್ಯಾಂಕರ್ ನೀರು ಸಾಲಂಗಿಲ್ಲ ಇದಕ್ಕ. ಮಳಿ ಬಂದಾಗ ತುಂಬತೈತಿ. ಇದು ಬ್ಯಾರೆ ಜಾತಿ ಪೈಪ, ಮುಟ್ಟಬ್ಯಾಡ" ಎಂದರು. ಸೇಠ್‌ಜಿಗೂ ನನ್ನೆದುರಿಗೇ ಮಾತು ಕೊಟ್ಟರು, ಎಂಥ ಮಳೆ ಬಂದರೂ ಈ ದೋಣಿ ತುಳುಕುವುದಿಲ್ಲ ಎಂದು. ಮರುದಿನ ಅಣ್ಣನ ಮಗಳ ಮದುವೆಗೆಂದು ಊರಿಗೆ ಹೋದರು.

ಅವರು ಇಲ್ಲದ ಆ ವಾರದಲ್ಲಿ ನಾನು ಪೈಪಿಗೆ ಆರು ತೂತು ಕೊರೆದೆ.

ಅವರನ್ನು ಬೆರಗುಗೊಳಿಸಬೇಕು ಎಂಬ ಆಸೆ, ಇನ್ನೇನಲ್ಲ. ಟೇಪು ಹಿಡಿದು, ಸೀಸದಕಡ್ಡಿಯಲ್ಲಿ ಗುರುತು ಹಾಕಿ, ಪೈಪಿನ ನೆತ್ತಿಯ ಮೇಲೆ ಒಂದೇ ಅಂತರದಲ್ಲಿ ಐದು. ಆರನೆಯದು ಪೂರ್ವದ ಗೋಡೆಯ ಹತ್ತಿರ, ಪೈಪು ಕಬ್ಬಿಣದ ತೊಲೆಯ ಹಿಂದೆ ಹಾದು ತಿರುಗುವಲ್ಲಿ. ಅಲ್ಲಿ ಕೈ ಹೋಗುವುದಿಲ್ಲ. ಆದರೆ ಆಗ ಕೊನೆಯ ತಗಡು ಇನ್ನೂ ಕೂರಿಸಿರಲಿಲ್ಲ, ನಾನು ಮೇಲಿನಿಂದಲೇ ಡ್ರಿಲ್ ಇಳಿಸಿದ್ದೆ. ಮತ್ತೆರಡು ದಿನಕ್ಕೆ ತಗಡು ಕೂತಿತು. ಪೈಪಿನ ನೆತ್ತಿಯ ಮೇಲಿನ ತೂತು ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಊರಿಂದ ಬಂದ ಕಾಕಾಗೆ ನಾನೂ ಹೇಳಲಿಲ್ಲ. ಮಳೆ ಬರಲಿ, ಪೈಪು ಭೋರ್ಗರೆಯಲಿ, ಆಗ ಹೇಳೋಣ ಎಂದು ಕಾದೆ.

ಜೂನಿನಲ್ಲಿ, ಮಿರಗದ ಮೊದಲ ದೊಡ್ಡ ಮಳೆ ಬಂತು. ದೋಣಿ ತುಂಬಿತು, ತುಳುಕಿತು, ಗೋದಾಮಿನೊಳಗೆ ಪರದೆ ಇಳಿಬಿಟ್ಟ ಹಾಗೆ ಸುರಿಯಿತು. ಕೆಳಗೆ ಕೆಂಪು ಮೆಣಸಿನಕಾಯಿಯ ಚೀಲಗಳು. ಹಮಾಲರು ನೆನೆದ ಚೀಲ ಹೊತ್ತು ಓಡುವುದು, ನಿಂತು ಸೀನುವುದು, ಮತ್ತೆ ಓಡುವುದು. ನಾನೂ ಸೀನುತ್ತಿದ್ದೆ, ಕಣ್ಣಲ್ಲಿ ನೀರು ಬಂದದ್ದು ಮೆಣಸಿನಕಾಯಿಯಿಂದ ಎಂದು ಎಲ್ಲರೂ ತಿಳಿದರು.

ಕಾಕಾ ಏಣಿ ಹಾಕಿಸಿ, ಊದುಬತ್ತಿ ಹಚ್ಚಿಕೊಂಡು ಪೈಪಿನ ಉದ್ದಕ್ಕೂ ಹೋದರು. ಒಂದೊಂದು ತೂತಿನ ಹತ್ತಿರವೂ ಹೊಗೆ ಒಳಗೆ ಸರ್ರನೆ ಬಾಗಿತು. ಐದು ಸಿಕ್ಕವು. ಐದಕ್ಕೂ ಎಂ-ಸೀಲ್ ಹಾಕಿ, ಮೇಲೆ ಪಟ್ಟಿ ಸುತ್ತಿದರು. ಕೆಳಗೆ ಇಳಿದು ಬಂದಾಗ ಸೇಠ್‌ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಗಲತೀ ಮೇರೀ ಹೈ ಸೇಠ್‌ಜೀ. ಹವಾ ಘುಸ್ ಗಯೀ" ಎಂದರು. ತಪ್ಪು ನನ್ನದು, ಗಾಳಿ ಹೊಕ್ಕಿತು. ಅಷ್ಟೇ.

ನಾನು ಪಕ್ಕದಲ್ಲಿಯೇ ನಿಂತಿದ್ದೆ. ಇನ್ನೊಮ್ಮೆ ಸೀನಿದೆ.

ಸಂಜೆ ಚಹಾದ ಗಾಡಿಯ ಹತ್ತಿರ ಅವರೇ ತಿಳಿಸಿ ಹೇಳಿದರು. "ಬ್ಯಾರಲ್‌ನಿಂದ ಸೀಮಿಎಣ್ಣಿ ತಗಿಯಾಕ ನಳಿಗಿ ಹಾಕಿ ಬಾಯಿಲೆ ಜಗ್ಗತಿದ್ವಿಲ್ಲ? ಒಮ್ಮೆ ನಳಿಗಿ ತುಂಬಿತಂದ್ರ ಮುಂದ ಅದ ತಾನ ಜಗ್ಗಿಕೊಂಡು ಹೋಗತೈತಿ. ನಳಿಗಿಗೆ ಸೂಜಿಯಷ್ಟು ತೂತು ಬಿದ್ರ ಮುಗೀತು, ಗಾಳಿ ಕುಡದು ಕೂತಬಿಡತೈತಿ. ಈ ಪೈಪೂ ಹಂಗ. ದೋಣ್ಯಾಗ ಪೈಪಿನ ಬಾಯಿ ಮ್ಯಾಲ ಕಬ್ಬಿಣದ ತಟ್ಟಿ ಕೂಡ್ರಿಸಿದ್ದು ಅದಕ್ಕ, ಸುಳಿ ತಿರುಗಿ ಗಾಳಿ ಹೋಗಬಾರದು ಅಂತ. ಇತವಾರ್ಯಾಗಿದ್ದದ್ದು ಎಣ್ಣಿ ಡಬ್ಬಿ. ಇದು ನಳಿಗಿ."

ಅಲ್ಲಿ ಗಾಳಿ ಹೊರಗೆ ಬಿಡಬೇಕಿತ್ತು, ಇಲ್ಲಿ ಒಳಗೆ ಬಿಡಬಾರದಿತ್ತು. ಇಷ್ಟು ಸಣ್ಣ ಮಾತು. ಯಾರು ತೂತು ಹಾಕಿದರು ಎಂದು ಅವರು ನನ್ನನ್ನು ಕೇಳಲಿಲ್ಲ. ಕೇಳದಿದ್ದದ್ದು ನನ್ನ ಪುಣ್ಯ ಎಂದುಕೊಂಡು ನಾನು ಎರಡನೆಯ ಚಹಾ ಹೇಳಿದೆ.

ಆರನೆಯ ತೂತು ನನಗೆ ಗೊತ್ತಿತ್ತು. ಗುಟ್ಟಾಗಿ ನಾನೇ ಹೋಗಿ ಮುಚ್ಚಿಬಿಡೋಣ ಎಂದು ಎರಡು ಸಲ ಕಳಮನಾಕ್ಕೆ ಹೋದೆ. ತಾವಿಲ್ಲದಾಗ ಯಾರನ್ನೂ ಛಾವಣಿ ಹತ್ತಿಸಬೇಡ ಎಂದು ಕಾವಲುಗಾರನಿಗೆ ಕಾಕಾ ಹೇಳಿ ಹೋಗಿದ್ದರು. ಎಂಜಿನಿಯರ್ ಎಂದು ಹೇಳಿದ್ದಕ್ಕೆ ಅವನು, ಎಂಜಿನಿಯರನ್ನಂತೂ ಹತ್ತಿಸಲೇಬೇಡ ಎಂದಿದ್ದಾರೆ ಎಂದ. ಒಂದು ಸಣ್ಣ ತೂತು ಏನು ಮಾಡೀತು ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಅವರಿಗೆ ಸಮಾಧಾನವಿರಲಿಲ್ಲ. ಮಳೆ ಬಂದಾಗಲೆಲ್ಲ ಕಾಮಠಿಯಿಂದ ಸೈಕಲ್ ತುಳಿದುಕೊಂಡು ಗೋದಾಮಿಗೆ ಬಂದು ಲೋಟ ಹಚ್ಚಿ ನಿಲ್ಲುತ್ತಿದ್ದರು. ದೋಣಿ ಮತ್ತೆ ತುಳುಕಿರಲಿಲ್ಲ, ಅಂಥ ದೊಡ್ಡ ಮಳೆಯೂ ಬಂದಿರಲಿಲ್ಲ. ಆದರೂ ಅವರ ಮುಖ ಗಂಟಾಗುತ್ತಿತ್ತು.

"ಎಲ್ಲೋ ಇನ್ನೂ ಗಾಳಿ ಕುಡಿಯಾಕತ್ತೈತಿ. ತುಂಬಿದ ಪೈಪ ಒಂದ ದನಿ ಹಿಡಿತೈತಿ. ಇದರ ದನಿ ನಡುವ ನಡುವ ಒಡಿಯಾಕತ್ತೈತಿ."

ಜೋಡಣೆಗಳನ್ನೆಲ್ಲ ಮತ್ತೆ ಊದುಬತ್ತಿ ಹಿಡಿದು ನೋಡಿದರು. ತೊಲೆಯ ಹಿಂದೆ ಕೈ ಹೋಗುವಂತಿರಲಿಲ್ಲ. ಉಳಿದ ಕಡೆ ಹೊಗೆ ನೆಟ್ಟಗೆ ಮೇಲೇರಿತು. ಮೂರು ಸಲ ಹೀಗಾಯಿತು. ಮೂರನೆಯ ಸಲ ಲೋಟವನ್ನು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿ, "ನಿನಗೇನ ಅನಸತೈತಿ ತಮ್ಮಾ?" ಎಂದು ಕೇಳಿದರು. ಅವರು ನನ್ನ ಅಭಿಪ್ರಾಯ ಕೇಳಿದ್ದು ಅದೊಂದೇ ಸಲ.

ನಾನು ಹೇಳಿದೆ: "ಪೈಪ ಬರೋಬರ್ ಐತ್ರಿ ಕಾಕಾ. ನಿಮಗೂ ವಯಸ್ಸಾತಲ್ರಿ. ಕಿವಿ ಸ್ವಲ್ಪ..."

ತೂತು ಹಾಕಿದ್ದು ದಡ್ಡತನ, ಅದಕ್ಕೆ ನಗಬಹುದು. ಈ ಮಾತಿಗೆ ನನಗೆ ಇಂದಿಗೂ ನಗು ಬರುವುದಿಲ್ಲ. ಸುತ್ತ ಹಮಾಲರಿದ್ದರು, ಸೇಠ್‌ಜಿಯ ಲೆಕ್ಕ ಬರೆಯುವ ಮುನೀಮ ಇದ್ದ, ನಾನು ಎಲ್ಲರಿಗೂ ತಿಳಿಯುವ ಹಾಗೆ ಅದನ್ನೇ ಹಿಂದಿಯಲ್ಲೂ ಹೇಳಿ, ಕಿವಿಯ ಕಡೆ ಬೆರಳು ಬೇರೆ ತೋರಿಸಿದ್ದೆ. ಅವರು ಲೋಟವನ್ನು ಒಮ್ಮೆ ನೋಡಿದರು. ಅಂಗಿಯ ತುದಿಯಿಂದ ಒರೆಸಿ ಚೀಲಕ್ಕೆ ಹಾಕಿಕೊಂಡರು. "ಇರಬಹುದು" ಎಂದರು.

ಆ ದಿನದಿಂದ ಛಾವಣಿ ಹತ್ತುವುದನ್ನು ಬಿಟ್ಟರು. ಕರೆಯಲು ಬಂದವರನ್ನೆಲ್ಲ ವಾಪಸ್ಸು ಕಳಿಸಿದರು. ಮಾತು ಬೇಗ ಹಬ್ಬುತ್ತದೆ. ಹದಿನೈದು ದಿನದಲ್ಲಿ ಇತವಾರಿಯ ಹಾರ್ಡ್‌ವೇರ್ ಅಂಗಡಿಗಳಲ್ಲೂ ಜನ, ಫೌಜಿಯ ಕಿವಿ ಹೋಯಿತಂತೆ ಎನ್ನತೊಡಗಿದರು.

ಒಂದು ದಿನ ಅವರ ಹೆಂಡತಿ, ನಾನು ಕಾಕು ಎನ್ನುತ್ತಿದ್ದವರು, ಫೋನ್ ಮಾಡಿದರು. "ಇವರು ಡಾಕ್ಟರ್ ಕಡಿ ಬರಾಕ ಒಲ್ಲೆ ಅಂತಾರಪಾ. ಮನಷ್ಯಾರ ಮಾತು ಕೇಳಸತೈತಿ, ಪೈಪ ಕೇಳಸವಲ್ದು, ಇದಕ್ಕ ಯಾವ ಡಾಕ್ಟರ್ ಅದಾನ ಅಂತಾರ. ನಾ ಕಿವಿ ಮಶೀನ ತಗೋಬೇಕಂತೀನಿ. ನೀ ಎಂಜಿನಿಯರ್ ಇದ್ದಿ, ಜೊತಿಗೆ ಬಾ, ಚಲೋದು ನೋಡಿ ಆರಿಸು."

ಹೋದೆ. ಹೌದು, ಹೋದೆ. ಅಂಗಡಿಯಲ್ಲಿ ನಾಲ್ಕು ಮಶೀನು ನನ್ನ ಕಿವಿಗೇ ಹಾಕಿಕೊಂಡು ನೋಡಿದೆ. ಬ್ಯಾಟರಿ ಎಷ್ಟು ದಿನ ಬರುತ್ತದೆ, ಗ್ಯಾರಂಟಿ ಏನು ಎಂದು ಚೌಕಾಶಿ ಮಾಡಿದೆ. ಕಾಕು ನನಗೆ ಕೈ ಮುಗಿದು, ನಿನ್ನ ಉಪಕಾರ ಮರೆಯುವುದಿಲ್ಲ ಎಂದರು.

ಶ್ರಾವಣದ ಕೊನೆಗೆ, ಎತ್ತುಗಳ ಪೋಳಾ ಹಬ್ಬದ ಹಿಂದಿನ ಭಾನುವಾರ ಕಾಮಠಿಗೆ ಹೋದಾಗ ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಕಿವಿಯಲ್ಲಿ ಮಶೀನು ಹಾಕಿಕೊಂಡು ಕೂತಿದ್ದರು. ಅದು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಓಣಿಯವರೊಬ್ಬರು ಬಂದು, ನಮ್ಮ ಶಾಲೆಯ ಛಾವಣಿಯ ನೀರು ಇಳಿಯುತ್ತಿಲ್ಲ, ಒಮ್ಮೆ ಬಂದು ನೋಡಿ ಎಂದು ಮರಾಠಿಯಲ್ಲಿ ಕೇಳಿಕೊಂಡರು. ಅವರು ತಲೆ ಎತ್ತದೆ, ಬೇರೆ ಯಾರನ್ನಾದರೂ ಕರೆಯಿರಿ, ನನಗೀಗ ಕೇಳಿಸುವುದಿಲ್ಲ ಎಂದರು. ಬಂದವರು ಹೋದರು. ನನಗೆ ಕೂಡಲಾಗಲಿಲ್ಲ.

"ಕಾಕಾ, ನಿಮ್ಮ ಕಿವಿ ಸರಿ ಐತಿ."

"ಸಮಾಧಾನ ಹೇಳಬ್ಯಾಡ."

"ಸಮಾಧಾನ ಅಲ್ರಿ. ತೂತು ಐದಲ್ಲ. ಆರು."

ಅವರು ಮಶೀನನ್ನು ಕಿವಿಯಿಂದ ತೆಗೆದು ಕಟ್ಟೆಯ ಮೇಲಿಟ್ಟರು. "ಇನ್ನೊಮ್ಮೆ ಹೇಳು. ಸಾವಕಾಶ."

ಸಾವಕಾಶ ಹೇಳುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಎಲ್ಲ ಹೇಳಿದೆ. ಟೇಪು, ಸೀಸದಕಡ್ಡಿ, ಕೂರಿಸದ ತಗಡು, ತೊಲೆಯ ಹಿಂದಿನ ತಿರುವು.

"ಐದು ನೀ ಹಾಕಿದ್ದು ಅಂತ ನನಗ ಅವತ್ತ ಗೊತ್ತಾತು" ಎಂದರು. "ಪೈಪಿಗೆ ಟೇಪ್ ಹಿಡದು ಒಂದ ಅಳತಿಗೆ ತೂತು ಹಾಕೋ ಹುಚ್ಚ ಈ ನಾಗಪುರದಾಗ ಮತ್ಯಾರದಾರ?"

"ಮತ್ತ ಯಾಕ ಕೇಳಲಿಲ್ರಿ?"

"ಐದೂ ಮುಚ್ಚಿದ್ನೆಲ್ಲ, ಕೇಳೂದೇನೈತಿ. ಇನ್ನೊಂದು ಇದ್ರ ನೀನ ಹೇಳತಿದ್ದಿ ಅಂತ ತಿಳದಿದ್ದೆ."

ಬೈದಿದ್ದರೆ ಸಹಿಸಬಹುದಿತ್ತು. ಅವರು ಬೈಯಲಿಲ್ಲ. ಮುಖ ನಿಧಾನವಾಗಿ ಅರಳಿತು. ಕಣ್ಣು ಮುಚ್ಚಿಕೊಂಡು, "ಪೂರ್ವದ ಗೋಡಿ ಕಡಿ. ಆ ಕಡಿಂದನ ಬರತಿತ್ತು ದನಿ. ಆ ಕಡಿಂದನ ಬರತಿತ್ತಲೇ!" ಎಂದರು. ತೊಡೆ ತಟ್ಟಿ ಎದ್ದು, ಒಳಗಿನ ಕೋಣೆಗೆ ಕೇಳುವ ಹಾಗೆ ಕೂಗಿದರು: "ಕೇಳಿದೇನ? ನನ್ನ ಕಿವಿ ಸರಿ ಐತಿ! ಗಾಳಿ ಇದ್ದದ್ದು ಖರೇ!"

ಅಷ್ಟು ಸಂತೋಷ ಪಟ್ಟ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ನನ್ನ ಹೆಗಲ ಮೇಲೆ ಕೈ ಹಾಕಿ ಅಲುಗಾಡಿಸಿದರು, ನಾನೇನೋ ಬಹುಮಾನ ತಂದುಕೊಟ್ಟವನ ಹಾಗೆ. ಕಾಕು ಬಾಗಿಲಿಗೆ ಬಂದು ನಿಂತಿದ್ದರು. ಅವರು ಸಂತೋಷ ಪಡಲಿಲ್ಲ. ಕಟ್ಟೆಯ ಮೇಲಿದ್ದ ಮಶೀನನ್ನು ನೋಡಿದರು, ನನ್ನನ್ನು ನೋಡಿದರು.

"ಮಶೀನ ಆರಸಾಕ ಬಂದಿದ್ದೆಲ್ಲೋ ನೀ" ಎಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನ ತಗಡು ಬಿಚ್ಚಿ ಆರನೆಯದನ್ನೂ ಮುಚ್ಚಿದೆವು. ಎರಡು ದಿನಕ್ಕೆ ಮಳೆ ಬಂತು, ಮಿರಗದ ಮಳೆಗಿಂತ ಜೋರಾಗಿ. ದೋಣಿಯಲ್ಲಿ ನಾಲ್ಕು ಬೆರಳು ನೀರು ನಿಂತ ಕೂಡಲೇ ಪೈಪು ಒಂದೇ ದನಿ ಹಿಡಿಯಿತು, ನೀರನ್ನು ಎಳೆದೆಳೆದು ಹಾಕಿತು. ಅವರು ಲೋಟಕ್ಕೆ ಕಿವಿ ಹಚ್ಚಿ ಬಹಳ ಹೊತ್ತು ನಿಂತಿದ್ದರು, ಕೆಲಸ ಮುಗಿದ ಮೇಲೂ.

ಸೇಠ್‌ಜಿಗೆ ಹೇಳಬೇಕೇ ಎಂದು ಕೇಳಿದೆ. "ಬ್ಯಾಡ. ನಿನ್ನ ಹೊಟ್ಟಿ ಮ್ಯಾಲ ಬರತೈತಿ" ಎಂದರು. ಅವರ ಉಪದೇಶಗಳಲ್ಲಿ ಈ ಒಂದನ್ನು ಮಾತ್ರ ನಾನು ಚಾಚೂ ತಪ್ಪದೆ ಪಾಲಿಸಿದೆ. ಆಮೇಲೆ ಅವರು ಮೊದಲಿನ ಹಾಗೆಯೇ ಛಾವಣಿ ಹತ್ತಿದರು, ಮೊಣಕಾಲು ಬೇಡ ಎನ್ನುವವರೆಗೆ. ನಾನು ಸ್ವಂತ ಧಂಧೆ ಮಾಡಿದೆ, ಕಾರ್ಡು ಹಾಕಿಸಿದೆ. ನನ್ನ ದೊಡ್ಡ ಗಿರಾಕಿ ಯಾರು ಎಂದರೆ ಕಳಮನಾದ ಅದೇ ಸೇಠ್‌ಜಿ. ಕಾಕು ಮಾತ್ರ ನಾನು ಹೋದಾಗ ಬರ್ರಿ, ಕೂಡ್ರಿ ಎಂದು ಬಹುವಚನದಲ್ಲಿ ಮಾತಾಡಿಸತೊಡಗಿದರು. ಆ ಮನೆಯಲ್ಲಿ ನನಗೆ ಸಿಕ್ಕ ಶಿಕ್ಷೆ ಅದು.

ಅವರು ತೀರಿಕೊಂಡ ಮೂರನೆಯ ದಿನ ಅಂಗಳದಲ್ಲಿ ಜಮಖಾನ ಹಾಸಿತ್ತು. ಜನ ಬಹಳ ಬಂದಿದ್ದರು. ಹಳೆಯ ಫೌಜಿಗಳು, ಇತವಾರಿಯ ಅಂಗಡಿಯವರು, ಓಣಿಯವರು, ನಮ್ಮ ನಾಲ್ಕಾರು ಕನ್ನಡದ ಮನೆಗಳವರು. ಸೇಠ್‌ಜಿಯೂ ಬಂದು ಮುಂದೆ ಕೂತಿದ್ದರು. ಒಬ್ಬೊಬ್ಬರೂ ಒಂದೊಂದು ಒಳ್ಳೆಯ ಮಾತು ಹೇಳಿದರು. ಹಾರ್ಡ್‌ವೇರ್ ಅಂಗಡಿಯವರು, ಎಂಥ ಕೈ ಇತ್ತು, ಪಾಪ, ಕೊನೆಗೆ ಕಿವಿ ಹೋಗಿಬಿಟ್ಟಿತ್ತು ಎಂದು ಹಿಂದಿಯಲ್ಲಿ ನಿಟ್ಟುಸಿರು ಬಿಟ್ಟರು. ಹತ್ತು ತಲೆಗಳು ಹೌದು ಹೌದೆಂದು ಅಲ್ಲಾಡಿದವು. ಸೇಠ್‌ಜಿ, ನನ್ನ ಗೋದಾಮಿನಲ್ಲೂ ಹಾಗೆಯೇ ಆಗಿದ್ದು, ಆದರೆ ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ ಎಂದು ಉದಾರವಾಗಿ ಹೇಳಿದರು.

ಅದು ನಾನು ಹಮಾಲರ ನಡುವೆ ಬೆರಳು ತೋರಿಸಿ ಆಡಿದ ಮಾತು. ಅದನ್ನು ಕಾಕಾ ಒಬ್ಬರ ಮುಂದೆ ವಾಪಸ್ಸು ತೆಗೆದುಕೊಂಡು ಕೈ ತೊಳೆದುಕೊಂಡಿದ್ದೆ, ಊರಿನಲ್ಲಿ ಅದು ಹಾಗೆಯೇ ಇತ್ತು. ಬಾಗಿಲ ಹತ್ತಿರ ಹೆಂಗಸರ ನಡುವೆ ಕೂತಿದ್ದ ಕಾಕು ತಲೆ ಎತ್ತಿ ನೇರವಾಗಿ ನನ್ನ ಕಡೆ ನೋಡಿದರು. ಸೇಠ್‌ಜಿ ಹೊಸದಾಗಿ ಕೊಡಲಿದ್ದ ಎರಡು ಗೋದಾಮುಗಳ ಕೆಲಸ ನನಗೆ ನೆನಪಾಯಿತು, ಸುಳ್ಳು ಯಾಕೆ ಹೇಳಲಿ. 

ಹಿಂದಿಯಲ್ಲಿ ಹೇಳಿದೆ. ಅವರ ಕಿವಿ ಹೋಗಿರಲಿಲ್ಲ. ಕೊನೆಯವರೆಗೂ ಸರಿ ಇತ್ತು. ಸೇಠ್‌ಜಿಯ ಪೈಪಿಗೆ ತೂತು ಹಾಕಿದವನು ನಾನು. ಅವರು ಸರಿಯಾಗಿ ಕೇಳಿದ್ದನ್ನು ಸುಳ್ಳು ಮಾಡಿ, ಕಿವಿ ಕೆಟ್ಟಿದೆ ಎಂದವನೂ ನಾನೇ.

 ಸೇಠ್‌ಜಿ ಕನ್ನಡಕ ತೆಗೆದು ನನ್ನನ್ನು ನೋಡತೊಡಗಿದರು. ಆಗ ಬಾಗಿಲ ಕಡೆಯಿಂದ ಕಾಕುವಿನ ದನಿ ಬಂತು, ಎಷ್ಟೋ ವರ್ಷಗಳ ಮೇಲೆ ಏಕವಚನದಲ್ಲಿ.

"ಎದ್ದು ನಿಂತು ಹೇಳಪಾ. ಹಿಂದ ಕೂತವರಿಗೆ ಕೇಳಸಿಲ್ಲ."

ನಾನು ಎದ್ದು ನಿಂತೆ.